ಇಟಲಿಯ ಬ್ರೂನೋಗೆ ನಾನು ಬರೆದ ಪರಿಚಯ

ಕಳೆದ ತಿಂಗಳು ಮಂಡಿನೋವಿಗೆಂದು ಬಸವೇಶ್ವರನಗರದ ಒಂದು ಕ್ಲಿನಿಕ್ಕಿಗೆ ಹೋಗಿದ್ದೆ. ಪರದೆಯ ಆಚೆಗಿನ ಮಂಚದಲ್ಲಿ ಹಿರಿಯರೊಬ್ಬರು ಡಾಕ್ಟರ ಕಣ್ಣು ತಪ್ಪಿಸಿ, ಮನೆಯಿಂದ ತಂದಿದ್ದ ನೀಲಗಿರಿ ಎಣ್ಣೆಯನ್ನು ಮೊಣಕಾಲಿಗೆ ತಿಕ್ಕಿಕೊಳ್ಳುತ್ತಿದ್ದರು. ಆ ವಾಸನೆ ಪರದೆ ದಾಟಿ ಬಂದದ್ದೇ ತಡ, ಎಂಬತ್ತೈದನೇ ಇಸವಿಯ ನವೆಂಬರ್ ತಿಂಗಳ ಒಂದು ಭಾನುವಾರದ ಸಂಜೆ ಕಣ್ಣ ಮುಂದೆ ನಿಂತಿತು. ರಾಜಾಜಿನಗರದ ಒಂದು ಗೆಸ್ಟ್ ಹೌಸು. ಕಿಟಕಿ ಪಕ್ಕದ ಮಂಚದ ಮೇಲೆ ಊದಿಕೊಂಡ ಕಾಲು ಚಾಚಿ ಕೂತಿದ್ದ ಇಟಲಿಯವನು. ನೆಲದ ಮೇಲೆ ಎಣ್ಣೆ ಶೀಶೆ ಹಿಡಿದುಕೊಂಡು ಕೂತಿದ್ದ ಮುನಿರಾಜು. ಇಬ್ಬರ ಮಾತನ್ನು ಇಬ್ಬರಿಗೂ ದಾಟಿಸಬೇಕಾಗಿದ್ದ ನಾನು.

ಮನೆಗೆ ಬಂದು ಆ ವರ್ಷದ ಡೈರಿ ಹುಡುಕಿ ತೆಗೆದೆ. ನನ್ನ ನೆನಪನ್ನು ನಾನು ನಂಬುವುದಿಲ್ಲ. ಡೈರಿಯನ್ನೂ ಪೂರ್ತಿ ನಂಬುವುದಿಲ್ಲ, ಏಕೆಂದರೆ ಅದನ್ನು ಬರೆದವನೂ ನಾನೇ. ಆದರೆ ಎರಡನ್ನೂ ಎದುರುಬದುರು ಕೂರಿಸಿದರೆ ಎಲ್ಲೋ ಒಂದು ಕಡೆ ಒಂದು ತಡವರಿಸುತ್ತದೆ. ಹಾಗೆ ತಡವರಿಸಿದ ಜಾಗದಲ್ಲಿ ಸಾಮಾನ್ಯವಾಗಿ ನಾನು ಏನನ್ನೋ ಬಚ್ಚಿಟ್ಟಿರುತ್ತೇನೆ.

ಆಗ ನನಗೆ ಇಪ್ಪತ್ತೇಳು ವರ್ಷ. ಇತಿಹಾಸದಲ್ಲಿ ಎಂ.ಎ. ಮಾಡಿ, ಲೆಕ್ಚರರ್ ಕೆಲಸ ಸಿಗದೆ, ಮಾಗಡಿ ರಸ್ತೆಯ ಕಡೆಗಿದ್ದ ಒಂದು ಬಟ್ಟೆ ಮಿಲ್ಲಿನ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ. ಕೆಲಸಗಾರರು ನನ್ನನ್ನು ಎಂ.ಎ. ಸಾರ್ ಎಂದೇ ಕರೆಯುತ್ತಿದ್ದರು. ಅದರಲ್ಲಿ ಗೌರವ ಎಷ್ಟಿತ್ತು, ತಮಾಷೆ ಎಷ್ಟಿತ್ತು ಎಂದು ಕೊನೆಯವರೆಗೂ ತಿಳಿಯಲಿಲ್ಲ. ಬೆಳಗಿನ ಪಾಳಿಯ ಸೈರನ್ನಿಗೆ ಮೊದಲು ಗೇಟಿನ ಬಳಿ ನಿಂತು ಬದಲಿಗಳ ಹೆಸರು ಕೂಗುವುದು ನನ್ನ ಮೊದಲ ಕೆಲಸ. ಬದಲಿ ಎಂದರೆ ಕಾಯಂ ಆಗದ ಕೆಲಸಗಾರ. ಒಳಗೆ ಯಾರಾದರೂ ಗೈರುಹಾಜರಾಗಿದ್ದರೆ ಆ ಮಗ್ಗಕ್ಕೆ ಅವತ್ತಿನ ಮಟ್ಟಿಗೆ ಒಬ್ಬ ಬದಲಿಯ ಹೆಸರು ಕೂಗುತ್ತಿದ್ದೆ. ಉಳಿದವರು ಊಟದ ಡಬ್ಬಿ ಹಿಡಿದುಕೊಂಡು ವಾಪಸು ಮನೆಗೆ ಹೋಗುತ್ತಿದ್ದರು.

ಮುನಿರಾಜು ನಾಲ್ಕು ವರ್ಷದಿಂದ ಆ ಸಾಲಿನಲ್ಲಿ ನಿಲ್ಲುತ್ತಿದ್ದ. ಕಾಮಾಕ್ಷಿಪಾಳ್ಯದ ಒಂದು ವಠಾರದಲ್ಲಿ ತಾಯಿಯ ಜೊತೆ ಇದ್ದ. ಅಪ್ಪ ಇದೇ ಮಿಲ್ಲಿನಲ್ಲಿ ನೇಯುತ್ತಿದ್ದು ತೀರಿಕೊಂಡವರು. ಇವನ ಹೆಸರು ವಾರಕ್ಕೆ ಮೂರು ದಿನ ಬಂದರೆ ಹೆಚ್ಚು. ಆದರೆ ಸಂಜೆ ಮಿಲ್ಲಿನ ಹಿಂದಿನ ಮೈದಾನದಲ್ಲಿ ಅವನಿಲ್ಲದೆ ಫುಟ್‌ಬಾಲ್ ತಂಡವೇ ಇರಲಿಲ್ಲ. ಮಿಡ್‌ಫೀಲ್ಡರ್ ಎನ್ನುವ ಮಾತು ಆಗಿನ್ನೂ ನಮ್ಮವರ ಬಾಯಿಗೆ ಬಂದಿರಲಿಲ್ಲ, ಹಾಫ್ ಎನ್ನುತ್ತಿದ್ದರು. ಮುನಿರಾಜು ಹಾಫ್‌ನಲ್ಲಿ ಆಡುತ್ತಿದ್ದ. ನಮ್ಮ ಗೋಲಿನಿಂದ ಅವರ ಗೋಲಿಗೆ, ಅಲ್ಲಿಂದ ಮತ್ತೆ ನಮ್ಮ ಗೋಲಿಗೆ, ಮಗ್ಗದ ಲಾಳಿ ಓಡಾಡಿದ ಹಾಗೆ. ಆಟದ ಮೇಲೆ ಕೆಲಸ ಕೊಡುವ ಸರ್ಕಾರಿ ಕಾರ್ಖಾನೆ ಯಾವುದಾದರೊಂದಕ್ಕೆ ಸೇರಿಕೊಂಡು ಈ ಗೇಟಿನ ಸಾಲಿನಿಂದ ಬಿಡಿಸಿಕೊಳ್ಳಬೇಕು ಎನ್ನುವುದೊಂದೇ ಅವನ ಆಸೆ. ಅಲ್ಲಿ ಇಪ್ಪತ್ತೈದು ತುಂಬಿದವರನ್ನು ತೆಗೆದುಕೊಳ್ಳುತ್ತಿರಲಿಲ್ಲ. ಅವನಿಗೆ ಮುಂದಿನ ಜನವರಿಗೆ ಇಪ್ಪತ್ತೈದು ತುಂಬುತ್ತಿತ್ತು.

ಬ್ರೂನೋ ಬಂದದ್ದು ಆಗಸ್ಟ್ ಕೊನೆಗೆ. ಅವನಿಗಿಂತ ಮೊದಲು ದೊಡ್ಡ ದೊಡ್ಡ ಮರದ ಪೆಟ್ಟಿಗೆಗಳಲ್ಲಿ ಲಾಳಿಯೇ ಇಲ್ಲದ ಎಂಟು ಹೊಸ ಮಗ್ಗಗಳು ಇಟಲಿಯಿಂದ ಬಂದಿದ್ದವು. ಅವನ್ನು ಜೋಡಿಸಿ, ಓಡಿಸಿ, ನಮ್ಮವರಿಗೆ ಕಲಿಸಿಕೊಟ್ಟು ಹೋಗಲು ಅಲ್ಲಿಯ ಕಂಪನಿ ಅವನನ್ನು ಮೂರು ತಿಂಗಳಿಗೆ ಕಳಿಸಿತ್ತು. ಮೂವತ್ತೈದು ದಾಟಿದ, ಗಿಡ್ಡನೆಯ, ಸ್ವಲ್ಪ ಎಡಕ್ಕೆ ವಾಲಿ ನಡೆಯುವ ಮನುಷ್ಯ. ಅರೆಬರೆ ಇಂಗ್ಲಿಷ್ ಮಾತಾಡುತ್ತಿದ್ದ. ಮಿಲ್ಲಿನ ಮ್ಯಾನೇಜರ್ ನನ್ನನ್ನು ಕರೆದು, ಇವರ ಜೊತೆ ಇರಿ, ಮಾತು ದಾಟಿಸಿ ಎಂದರು. ಹಾಗೆ ನನಗೆ ಗುಮಾಸ್ತಿಕೆಯ ಮೇಲೆ ದುಭಾಷಿಯ ಕೆಲಸವೂ ಬಂತು.

ಮಳೆ ಬಿಟ್ಟು ಬಿಟ್ಟು ಬರುತ್ತಿದ್ದ ಒಂದು ಸಂಜೆ ಅವನು ನನ್ನ ಜೊತೆ ಮಾತಾಡುತ್ತ ಮೈದಾನದ ಅಂಚಿನಲ್ಲಿ ನಡೆದುಹೋಗುತ್ತಿದ್ದಾಗ ಚೆಂಡೊಂದು ಅವನ ಕಡೆ ಜೋರಾಗಿ ಬಂತು. ಅವನು ಮಾತು ನಿಲ್ಲಿಸಲೂ ಇಲ್ಲ, ತಲೆ ತಗ್ಗಿಸಿ ನೋಡಲೂ ಇಲ್ಲ. ಕಾಲು ಮುಂದಿಟ್ಟ, ಚೆಂಡು ಅದರಡಿಗೆ ಬಂದು ಸುಮ್ಮನಾಯಿತು. ಆಮೇಲೆ ಅದನ್ನು ನಲವತ್ತು ಗಜ ದೂರದಲ್ಲಿದ್ದ ಮುನಿರಾಜುವಿನ ಎದೆಗೆ ಕಳಿಸಿದ. ಆಡುತ್ತಿದ್ದವರೆಲ್ಲ ನಿಂತುಬಿಟ್ಟರು. ಮರುದಿನದಿಂದ ಸಂಜೆ ಐದಕ್ಕೆ ಅವನು ಮೈದಾನದಲ್ಲಿರುತ್ತಿದ್ದ. ಹೆಚ್ಚು ಓಡುತ್ತಿರಲಿಲ್ಲ, ನಿಂತಲ್ಲಿಂದಲೇ ಹೇಳಿಕೊಡುತ್ತಿದ್ದ. ಮುನಿರಾಜುವಿಗೆ ಅವನು ಹೇಳಿಕೊಟ್ಟದ್ದು ಮುಖ್ಯವಾಗಿ ಒಂದೇ: ಚೆಂಡು ನಿನ್ನ ಹತ್ತಿರ ಬರುವ ಮೊದಲು ಎರಡು ಸಲ ಹಿಂದಕ್ಕೆ ತಿರುಗಿ ನೋಡು, ಬಂದ ಮೇಲೆ ನೋಡಲು ಸಮಯವಿರುವುದಿಲ್ಲ. ಎರಡು ವಾರದಲ್ಲಿ ಮುನಿರಾಜುವಿನ ಆಟವೇ ಬೇರೆಯಾಯಿತು. ಮೊದಲು ಓಡುತ್ತಿದ್ದ, ಈಗ ಆಡಿಸತೊಡಗಿದ.

ಬ್ರೂನೋ ತನ್ನ ಆಟದ ಕತೆಯನ್ನು ಒಂದು ಸಂಜೆ ಕಾಂಪೌಂಡ್ ಗೋಡೆಯ ಮೇಲೆ ಕೂತು ನನಗೆ ಹೇಳಿದ. ಇದನ್ನು ಡೈರಿಯಲ್ಲಿ ಎರಡು ಪುಟ ಬರೆದಿದ್ದೇನೆ, ಆದ್ದರಿಂದ ಸ್ವಲ್ಪ ಧೈರ್ಯವಾಗಿ ಹೇಳಬಹುದು. ನದಿ ದಂಡೆಯ ಒಂದು ಸಣ್ಣ ಪೇಟೆ ಅವನದು. ವಾರವಿಡೀ ಮಗ್ಗ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ, ಭಾನುವಾರ ಊರಿನ ತಂಡದಲ್ಲಿ ಆಟ. ತಂಡ ಇದ್ದದ್ದು ಮೂರನೇ ದರ್ಜೆಯಲ್ಲಿ. ಚಳಿಗಾಲದಲ್ಲಿ ಮಂಜು ಎಷ್ಟು ಕವಿಯುತ್ತಿತ್ತೆಂದರೆ ಮೈದಾನದ ನಡುವೆ ನಿಂತವನಿಗೆ ಎರಡೂ ಕಡೆಯ ಗೋಲು ಕಾಣುತ್ತಿರಲಿಲ್ಲ. ಒಂಬತ್ತು ವರ್ಷ ಆಡಿ ಅವನು ಹೊಡೆದ ಗೋಲು ನಾಲ್ಕು. ಚೆಂಡನ್ನು ಎದುರಿನವನಿಂದ ಕಿತ್ತುಕೊಂಡು, ತನಗಿಂತ ಚೆನ್ನಾಗಿ ಆಡುವವನ ಕಾಲಿಗೆ ಮುಟ್ಟಿಸುವುದು ತನ್ನ ಕೆಲಸವಾಗಿತ್ತು ಎಂದ. ಹದಿನೆಂಟನೇ ವಯಸ್ಸಿಗೆ ದೊಡ್ಡ ಕ್ಲಬ್ಬೊಂದರ ಆಯ್ಕೆ ಶಿಬಿರಕ್ಕೆ ಕರೆದಿದ್ದರು, ಮೂರನೇ ದಿನ ಮನೆಗೆ ಕಳಿಸಿದರು. ಆ ಶಿಬಿರದಲ್ಲಿದ್ದ ಹುಡುಗನೊಬ್ಬ ಮುಂದೆ ಎಂಬತ್ತೆರಡರಲ್ಲಿ ವಿಶ್ವಕಪ್ ಗೆದ್ದ ತಂಡದಲ್ಲಿದ್ದ. ಇಪ್ಪತ್ತೆಂಟಕ್ಕೆ ಇವನ ಮೊಣಕಾಲು ಹೋಯಿತು. ಹೆಂಡತಿ ಅವನ ಅಂಗಿಯನ್ನು ಒಗೆದು, ಮಡಿಸಿ, ಕ್ಲಬ್ಬಿಗೆ ವಾಪಸು ಕೊಟ್ಟು ಬಂದಳು. ಮುಂದಿನ ಭಾನುವಾರ ಅದೇ ಅಂಗಿ ಹಾಕಿಕೊಂಡು ಇನ್ನೊಬ್ಬ ಹುಡುಗ ಇಳಿದ. ಬ್ರೂನೋ ಹೋಗಿ ಪೂರ್ತಿ ಆಟ ನೋಡಿದನಂತೆ. ಹೊರಗೆ ಕೂತು ನೋಡುವುದು ಆಡುವುದಕ್ಕಿಂತ ಕಷ್ಟದ ಕೆಲಸ, ಅದನ್ನು ಯಾರೂ ಹೇಳಿಕೊಡುವುದಿಲ್ಲ ಎಂದ.

ಈ ಕತೆ ನನಗೆ ತುಂಬ ಇಷ್ಟವಾಗಿತ್ತು. ಇಷ್ಟವಾಗಿದ್ದರೂ ನಾನು ಅದನ್ನು ಹಾಳುಮಾಡಿದೆ.

ಗಣೇಶನ ಹಬ್ಬಕ್ಕೆ ಮಿಲ್ಲಿನ ಕನ್ನಡ ಸಂಘದ ಕಾರ್ಯಕ್ರಮವಿತ್ತು. ಮಗ್ಗದ ವಿಭಾಗದ ಮೇಸ್ತ್ರಿ ಕೆಂಪಣ್ಣ ಅದರ ಅಧ್ಯಕ್ಷರು, ಬರೆಯಲು ಬರುತ್ತದೆ ಎನ್ನುವ ಕಾರಣಕ್ಕೆ ನಾನು ಕಾರ್ಯದರ್ಶಿ. ಫುಟ್‌ಬಾಲ್ ತಂಡದ ಮ್ಯಾನೇಜರಿಕೆಯೂ ಅದೇ ಕಾರಣಕ್ಕೆ ನನ್ನ ತಲೆಗೆ ಬಂದಿತ್ತು. ಬ್ರೂನೋ ಆ ವರ್ಷದ ಮುಖ್ಯ ಅತಿಥಿ. ನಾನು ಅತಿಥಿ ಪರಿಚಯವನ್ನು ಬರೆದು ಕೆಂಪಣ್ಣನವರಿಗೆ ಓದಿ ತೋರಿಸಿದೆ. ನದಿ, ಮಂಜು, ನಾಲ್ಕು ಗೋಲು ಎಲ್ಲ ಅದರಲ್ಲಿತ್ತು. ಅವರು ಎಲೆ ಅಡಿಕೆ ಅಗಿಯುತ್ತ ಪೂರ್ತಿ ಕೇಳಿಸಿಕೊಂಡರು.

"ಎಂ.ಎ. ಸಾರ್, ಇದು ಜಾತಕ ಓದಿದಂಗಿದೆ. ಚಪ್ಪಾಳೆ ಎಲ್ಲಿ ಬೀಳುತ್ತೆ ಅಂತ ಹೇಳಿ."

ನಮ್ಮ ಸಭೆಗಳಲ್ಲಿ ಪರಿಚಯ ಎನ್ನುವುದೇ ಹಾಗೆ. ಹೈಸ್ಕೂಲು ಮೇಷ್ಟರು ಆ ಹತ್ತು ನಿಮಿಷದ ಮಟ್ಟಿಗೆ ಶಿಕ್ಷಣ ತಜ್ಞರಾಗುತ್ತಾರೆ, ಎರಡು ಪದ್ಯ ಬರೆದವರು ನಾಡಿನ ಹೆಸರಾಂತ ಕವಿಗಳಾಗುತ್ತಾರೆ. ಇದರಲ್ಲಿ ಮೋಸವೇನೂ ಇಲ್ಲ, ಏಕೆಂದರೆ ಕೇಳುವವರು ಅತಿಥಿಯನ್ನು ಬಲ್ಲವರು. ಅರ್ಧ ಬಿಟ್ಟು ಅರ್ಧ ತೆಗೆದುಕೊಳ್ಳುತ್ತಾರೆ, ಅತಿಥಿಗೂ ಖುಷಿ, ಇವರಿಗೂ ಖುಷಿ. ನಾನು ಮರೆತದ್ದು ಇಷ್ಟೇ: ಇಟಲಿಯಿಂದ ಬಂದವನ ಬಗ್ಗೆ ಎಷ್ಟು ಬಿಡಬೇಕು ಎಂದು ನಮ್ಮವರಿಗೆ ಗೊತ್ತಿರಲಿಲ್ಲ.

ವೇದಿಕೆಯಲ್ಲಿ ನಾನು ಓದಿದ ಸಾಲು ಯಾವುದು? "ವಿಶ್ವಕಪ್ ಗೆದ್ದ ಆಟಗಾರರ ಜೊತೆ ಆಡಿದವರು" ಎಂದು ಬರೆದೆ ಎಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಅದನ್ನು ಹೇಗೋ ಸಮರ್ಥಿಸಿಕೊಳ್ಳಬಹುದು, ಶಿಬಿರದಲ್ಲಿ ಮೂರು ದಿನ ಒಂದೇ ಮೈದಾನದಲ್ಲಿ ಇದ್ದರಲ್ಲ. ಆದರೆ ಡೈರಿಯಲ್ಲಿ ಮಡಿಸಿಟ್ಟ ಕರಡು ಪ್ರತಿ ಸಿಕ್ಕಿದೆ. ಅದರಲ್ಲಿ "ಆಟಗಾರರ ಜೊತೆ ಆಡಿದವರು" ಎನ್ನುವುದನ್ನು ಹೊಡೆದುಹಾಕಿ, ಮೇಲೆ ನನ್ನ ಕೈಯಲ್ಲೇ, ಬ್ರೂನೋ ಬಾಯಿಂದ ಕಲಿತ ಪದ ಹಾಕಿ, "ತಂಡದ ಮಿಡ್‌ಫೀಲ್ಡರ್" ಎಂದು ತಿದ್ದಿದೆ. ಅದರ ಕೆಳಗೆ ಅವತ್ತಿನ ದಿನಚರಿ ಒಂದೇ ಸಾಲು: ಪರಿಚಯ ಭಾಷಣ ಚೆನ್ನಾಗಿ ಬಂತು, ಮೂರು ಸಲ ಚಪ್ಪಾಳೆ.

ಪಕ್ಕದಲ್ಲಿ ಹಾರ ಹಾಕಿಕೊಂಡು ಕೂತಿದ್ದ ಬ್ರೂನೋ, ಏನು ಹೇಳಿದೆ ನನ್ನ ಬಗ್ಗೆ ಎಂದು ಕೇಳಿದ. ಒಳ್ಳೆಯ ಮಿಡ್‌ಫೀಲ್ಡರ್ ಎಂದು ಹೇಳಿದೆ ಎಂದೆ. ಅಷ್ಟಕ್ಕೇ ಇಷ್ಟು ಚಪ್ಪಾಳೆಯೇ ಎಂದು ಅವನು ಎದ್ದು ನಿಂತು ಎರಡೂ ಕೈ ಮುಗಿದ. ಮ್ಯಾನೇಜರ್ ಅವನ ಕೈಕುಲುಕಿ, ವಿಶ್ವ ಚಾಂಪಿಯನ್ನರು ನಮ್ಮಲ್ಲಿರುವುದು ಹೆಮ್ಮೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ಹೌದು ಹೌದು, ಇಟಲಿ ಚಾಂಪಿಯನ್ ಎಂದು ಬ್ರೂನೋ ನಕ್ಕ. ಇಬ್ಬರಿಗೂ ಅವರವರ ಅರ್ಥ ಸಾಕಾಗಿತ್ತು.

ಅಕ್ಟೋಬರ್‌ನಲ್ಲಿ ಎರಡು ಸಂಗತಿಗಳಾದವು. ಆಯುಧಪೂಜೆಯ ದಿನ ಹೊಸ ಮಗ್ಗಗಳಿಗೂ ಕುಂಕುಮ ಬಳಿದು, ಬೂದುಗುಂಬಳ ಒಡೆದರು. ಬ್ರೂನೋ ಕರವಸ್ತ್ರ ಹಿಡಿದುಕೊಂಡು ಹಿಂದಿನಿಂದಲೇ ಒರೆಸುತ್ತ ಬಂದ. ಅದನ್ನು ನೋಡಿ ಶೆಡ್ಡಿಗೆ ಶೆಡ್ಡೇ ನಕ್ಕಿತು, ಅವನೂ ನಕ್ಕ. ಅದೇ ವಾರ ಒಂದು ಸರ್ಕಾರಿ ಕಾರ್ಖಾನೆಯ ಕ್ರೀಡಾಧಿಕಾರಿಯಿಂದ ಸಂಘಕ್ಕೆ ಪತ್ರ ಬಂತು. ನಮ್ಮ ರಾಜ್ಯೋತ್ಸವ ಕಪ್ಪಿನ ಫೈನಲ್ ನೋಡಲು ಬರುತ್ತೇನೆ, ನಿಮ್ಮ ತಂಡದ ಹಾಫ್ ಆಟಗಾರನ ಬಗ್ಗೆ ಕೇಳಿದ್ದೇನೆ, ನಮ್ಮಲ್ಲಿ ಒಂದು ಜಾಗವಿದೆ ಎಂದು ಬರೆದಿದ್ದರು. ನಾನೇ ಅದನ್ನು ಗೇಟಿನ ಬಳಿ ಮುನಿರಾಜುವಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದಿಸಿಕೊಂಡ. ಅವತ್ತು ಅವನ ಹೆಸರು ಬರಲಿಲ್ಲ, ಆದರೂ ಡಬ್ಬಿ ಬೀಸಿಕೊಂಡು ಮನೆಗೆ ಹೋದ.

ರಾಜ್ಯೋತ್ಸವ ನಮ್ಮ ಕಡೆ ಒಂದು ದಿನಕ್ಕೆ ಮುಗಿಯುವುದಿಲ್ಲ, ನವೆಂಬರ್ ಪೂರ್ತಿ ಎಳೆಯುತ್ತದೆ. ಕೊನೆಯ ಭಾನುವಾರ ಫೈನಲ್. ಎದುರಾಳಿ ತುಮಕೂರು ರಸ್ತೆಯ ಒಂದು ಕಾರ್ಖಾನೆಯ ತಂಡ. ಐದು ದಿನ ಮೊದಲು ಮ್ಯಾನೇಜರ್ ನನ್ನನ್ನು ಕರೆಸಿದರು. ವಿಶ್ವಕಪ್ ಆಡಿದವರನ್ನು ಮನೆಯಲ್ಲಿಟ್ಟುಕೊಂಡು ಆಡಿಸದಿದ್ದರೆ ಹೇಗೆ, ಎಂ.ಎಲ್.ಎ. ಅವರಿಗೂ ಹೇಳಿದ್ದೇನೆ, ಅವರೇ ಬರುತ್ತಿದ್ದಾರೆ ಎಂದರು. ಸಂಘದ ನಿಯಮದಲ್ಲಿ ಒಬ್ಬ ಅತಿಥಿ ಆಟಗಾರನಿಗೆ ಅವಕಾಶವಿತ್ತು. ಅನುಮತಿ ಕೊಡಬೇಕಾದವನು ಕಾರ್ಯದರ್ಶಿ.

ಆ ಕೋಣೆಯಲ್ಲಿ ನಾನು ಒಂದು ವಾಕ್ಯ ಹೇಳಬಹುದಿತ್ತು. ಸಾರ್, ನಾನು ಸ್ವಲ್ಪ ಹೆಚ್ಚಿಗೆ ಬರೆದುಬಿಟ್ಟೆ, ಅವರು ಊರಿನ ತಂಡದಲ್ಲಿ ಆಡಿದವರು ಎಂದು. ಬಹುಶಃ ಅವರು ಬೈದು, ನಕ್ಕು, ಬಿಟ್ಟುಬಿಡುತ್ತಿದ್ದರು. ನಾನು ಹೇಳಲಿಲ್ಲ. ಭಯ ಎಂದು ಡೈರಿಯಲ್ಲಿದೆ. ಈಗ ಯೋಚಿಸಿದರೆ ಅದು ಭಯಕ್ಕಿಂತ ಸಣ್ಣದು. ಮೂರು ಸಲ ಚಪ್ಪಾಳೆ ಬಿದ್ದ ಆ ಸಾಲನ್ನು ವಾಪಸು ಕೊಡಲು ನನಗೆ ಇಷ್ಟವಿರಲಿಲ್ಲ.

ತಂಡದಲ್ಲಿ ಇಬ್ಬರು ಹಾಫ್‌ಗಳಿದ್ದರು. ಒಬ್ಬ ಕ್ಯಾಪ್ಟನ್, ಕಾಯಂ ಕೆಲಸಗಾರ, ಯೂನಿಯನ್ನಿನಲ್ಲಿ ಗಟ್ಟಿ ಗಂಟಲಿನವನು. ಇನ್ನೊಬ್ಬ ಮುನಿರಾಜು. ಯಾರನ್ನು ಬಿಟ್ಟರೆ ತಕರಾರು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಇನ್ನೂ ಒಂದು ನೆಪ ತಾನಾಗಿ ಸಿಕ್ಕಿತು. ಮಿಲ್ಲು ತಂಡಕ್ಕೆ ಕೊಟ್ಟಿದ್ದ ಬೂಟುಗಳು ಹನ್ನೊಂದೇ ಜೊತೆ, ಬ್ರೂನೋ ಕಾಲಿಗೆ ಸರಿಹೊಂದಿದ್ದು ಮುನಿರಾಜುವಿನ ಜೊತೆ ಮಾತ್ರ.

ಬ್ರೂನೋ ಮೊದಲು ಒಪ್ಪಲಿಲ್ಲ. ಮೊಣಕಾಲು ತೋರಿಸಿದ. ನಾನು ಮ್ಯಾನೇಜರರ ಆಸೆ, ಜನರ ಆಸೆ ಎಂದು ಹೇಳುತ್ತ ಹೋದೆ. ಕೊನೆಗೆ ಅವನು ಒಂದೇ ಪ್ರಶ್ನೆ ಕೇಳಿದ.

"ನಾನು ಆಡಿದರೆ ಹೊರಗೆ ಕೂರುವವರು ಯಾರು?"

"ಯಾರಾದರೊಬ್ಬರು," ಎಂದೆ. "ಇದು ಹಬ್ಬದ ಪಂದ್ಯ ಬ್ರೂನೋ, ಯಾರಿಗೂ ಏನೂ ನಷ್ಟವಿಲ್ಲ."

ಅಧಿಕಾರಿ ಬರುವ ವಿಷಯ ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಕಾಲಿಗೆ ಬೂಟು ಹಾಕುತ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲವೋ, ಅಥವಾ ಹೇಳುವ ಮಾತೇ ನನಗೆ ಹೊಳೆಯಲಿಲ್ಲವೋ, ಈ ಒಂದು ವಿಷಯದಲ್ಲಿ ನೆನಪೂ ಡೈರಿಯೂ ಸುಮ್ಮನಿವೆ.

ಮರುದಿನ ಗೇಟಿನಲ್ಲಿ ಮೊದಲು ಮುನಿರಾಜುವಿನ ಹೆಸರನ್ನೇ ಕೂಗಿದೆ. ಅವತ್ತಿನ ಕೆಲಸದ ಚೀಟಿ ಕೊಡುವಾಗ ವಿಷಯ ಹೇಳಿದೆ. ಅವನು ಚೀಟಿಯನ್ನು ಬೆರಳ ನಡುವೆ ತಿರುಗಿಸುತ್ತ ನಿಂತ.

"ಆ ಆಫೀಸರ್ ಬರೋದು ಅವತ್ತೇ ಅಲ್ವಾ ಸಾರ್?"

"ಹೌದು ಕಣೋ. ಫಸ್ಟ್ ಹಾಫ್ ಅವರು ಆಡ್ಲಿ. ಸೆಕೆಂಡ್ ಹಾಫ್ ಪೂರ್ತಿ ನಿಂದೇ."

"ನೀವು ಹೇಳಿದ್ಮೇಲೆ ಆಯ್ತು ಬಿಡಿ ಸಾರ್," ಎಂದು ಒಳಗೆ ಹೋದ.

ಭಾನುವಾರ ಮೈದಾನದ ಸುತ್ತ ಮೂರು ಸಾಲು ಜನ. ಬಿನ್ನಿಪೇಟೆಯಿಂದ, ಕಾಮಾಕ್ಷಿಪಾಳ್ಯದಿಂದ, ವಿಜಯನಗರದಿಂದ ಸೈಕಲ್ಲಿನಲ್ಲಿ ಬಂದಿದ್ದರು. ಶಾಮಿಯಾನದ ಕೆಳಗೆ ಮ್ಯಾನೇಜರ್, ಅವರ ಪಕ್ಕ ಎಂ.ಎಲ್.ಎ.ಗೆಂದು ಮೀಸಲಿಟ್ಟ ಖಾಲಿ ಕುರ್ಚಿ, ಸ್ವಲ್ಪ ದೂರದಲ್ಲಿ ಬಿಳಿ ಟೋಪಿ ಹಾಕಿದ ಕ್ರೀಡಾಧಿಕಾರಿ, ಕೈಯಲ್ಲಿ ಒಂದು ಸಣ್ಣ ಪುಸ್ತಕ. ಮುನಿರಾಜು ಗೆರೆಯ ಹೊರಗೆ ಬರಿಗಾಲಲ್ಲಿ ಕೂತಿದ್ದ.

ಮೊದಲ ಹತ್ತು ನಿಮಿಷ ಬ್ರೂನೋ ಕಾಲಿಗೆ ಚೆಂಡು ಬಂದಾಗಲೆಲ್ಲ ಶಿಳ್ಳೆ. ಅವನು ಚೆಂಡನ್ನು ಒಂದೇ ಸಲಕ್ಕೆ ಹತ್ತಿರದವನಿಗೆ ಕೊಟ್ಟುಬಿಡುತ್ತಿದ್ದ, ಅದೇ ಅವನಿಗೆ ಗೊತ್ತಿದ್ದ ಆಟ. ವಿಶ್ವಕಪ್ ಆಡಿದವನಿಂದ ಜನ ಬೇರೇನೋ ಕಾಯುತ್ತಿದ್ದರು. ಇಪ್ಪತ್ತನೇ ನಿಮಿಷಕ್ಕೆ ಎದುರಿನ ಹುಡುಗರು ಅವನ ಪಕ್ಕದಿಂದ ಸುಲಭವಾಗಿ ದಾಟತೊಡಗಿದರು. ಎರಡು ಗೋಲು ಬಿದ್ದವು. ಹಿಂದಿನಿಂದ ಯಾರೋ, ಇವ್ರನ್ನ ಇಟಲಿಯವ್ರು ಯಾಕೆ ಬಿಟ್ಟುಕೊಟ್ರು ಅಂತ ಈಗ ಗೊತ್ತಾಯ್ತು ಎಂದ. ನಗು ಎದ್ದಿತು. ಬ್ರೂನೋಗೆ ಮಾತು ತಿಳಿಯದಿದ್ದರೂ ನಗು ತಿಳಿಯಿತು.

ವಿರಾಮದಲ್ಲಿ ಅವನು ನನ್ನ ಭುಜ ಹಿಡಿದುಕೊಂಡು, ಮುಗಿಯಿತು, ಹುಡುಗನನ್ನು ಕಳಿಸು ಎಂದ. ನಾನು ಶಾಮಿಯಾನಕ್ಕೆ ಓಡಿದೆ. ಆಟಗಾರನ ಬದಲಾವಣೆಯ ಚೀಟಿ ಬರೆಯಲು ಮಿಲ್ಲಿನ ಮ್ಯಾನೇಜರರನ್ನು ಕೇಳಬೇಕಾಗಿಯೇ ಇರಲಿಲ್ಲ, ತಂಡದ ಮ್ಯಾನೇಜರ್ ನಾನೇ. ಆದರೂ ಕೇಳಿದೆ. ಎಂ.ಎಲ್.ಎ. ಈಗಷ್ಟೇ ಬಂದಿದ್ದಾರೆ, ಒಂದು ಹತ್ತು ನಿಮಿಷ ಆಡಲಿ ಎಂದರು. ವಾಪಸು ಬಂದು ಬ್ರೂನೋಗೆ ಹತ್ತು ನಿಮಿಷ ಎಂದೆ. ಮುನಿರಾಜುವಿನ ಮುಖ ನೋಡದೆ ಅದೇ ಮಾತು ಹೇಳಿದೆ. ಅವನು ಆಗಲೇ ಎದ್ದು ನಿಂತು ಕಾಲು ಸಡಿಲಿಸಿಕೊಳ್ಳುತ್ತಿದ್ದ. ಹಾಗೇ ಕೂತುಕೊಂಡ.

ಸೆಕೆಂಡ್ ಹಾಫಿನ ಹನ್ನೆರಡನೇ ನಿಮಿಷದಲ್ಲಿ ಚೆಂಡು ಬ್ರೂನೋ ಕಡೆ ಬರುತ್ತಿತ್ತು. ಅವನು ಅಭ್ಯಾಸದಂತೆ ಹಿಂದಕ್ಕೆ ತಿರುಗಿ ನೋಡಿದ. ಊರಿದ ಕಾಲು ನೆಲದಲ್ಲೇ ಉಳಿಯಿತು, ದೇಹ ತಿರುಗಿತು. ಅವನು ಬಿದ್ದ. ಹೊತ್ತುಕೊಂಡು ಗೆರೆಯಾಚೆ ತಂದೆವು. ಮುನಿರಾಜು ಇಳಿಯಬೇಕಾದರೆ ಅವನ ಕಾಲಿನ ಬೂಟು ಬಿಚ್ಚಬೇಕಿತ್ತು. ಬಲಗಾಲಿನದು ಬಂತು. ಎಡಗಾಲಿನದಕ್ಕೆ ಕೈ ಹಾಕಿದರೆ ಬ್ರೂನೋ ಹಲ್ಲು ಕಚ್ಚುತ್ತಿದ್ದ. ಲೇಸಿನ ಗಂಟು ಬಿಗಿದುಕೊಂಡಿತ್ತು, ನಾನು ಜಗ್ಗಿ ಎಳೆಯುತ್ತಿದ್ದೆ. ಮುನಿರಾಜು ಪಕ್ಕದಲ್ಲಿ ಮಂಡಿಯೂರಿ ಕೂತಿದ್ದ. ನಿಧಾನಕ್ಕೆ ಬಿಚ್ಚಿ ಸಾರ್, ಅವರಿಗೆ ನೋವಾಗುತ್ತೆ ಎಂದ. ಮೈದಾನದಲ್ಲಿ ಹತ್ತು ಜನ ಆಡುತ್ತಿದ್ದರು. ಐದು ನಿಮಿಷ ಹಿಡಿಯಿತೋ, ಏಳೋ.

ಮುನಿರಾಜು ಇಳಿದ ಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಆಟವೇ ಅವನ ಸುತ್ತ ತಿರುಗತೊಡಗಿತು. ಎರಡು ಸಲ ಹಿಂದೆ ನೋಡುತ್ತಿದ್ದ, ಚೆಂಡು ಬರುವ ಹೊತ್ತಿಗೆ ಅವನಿಗೆ ಎಲ್ಲ ಗೊತ್ತಿರುತ್ತಿತ್ತು. ಅವನು ಕಳಿಸಿದ ಒಂದು ಚೆಂಡಿಗೆ ನಮ್ಮವರು ಗೋಲು ಹೊಡೆದರು. ಜನ ಎದ್ದು ನಿಂತರು. ನಾನು ಶಾಮಿಯಾನದ ಕಡೆ ತಿರುಗಿದೆ. ಬಿಳಿ ಟೋಪಿಯವರ ಕುರ್ಚಿ ಖಾಲಿಯಾಗಿತ್ತು.

ಇಷ್ಟು ವರ್ಷ ನನ್ನ ನೆನಪು ಹೇಳುತ್ತಿದ್ದದ್ದು, ಅಷ್ಟರಲ್ಲಿ ಮಳೆ ಬಂತು, ಅಧಿಕಾರಿ ಸ್ಕೂಟರ್ ಹತ್ತಿ ಹೊರಟುಹೋದರು ಎಂದು. ಹೆಂಡತಿಗೂ ಹಾಗೇ ಹೇಳಿದ್ದೆ. ಶಾಮಿಯಾನದ ಮೇಲೆ ಹನಿ ಬೀಳುವ ಸದ್ದು ಈಗಲೂ ಕೇಳಿಸುತ್ತದೆ. ಡೈರಿ ತೆಗೆದು ನೋಡಿದರೆ ಆ ಭಾನುವಾರದ ಪುಟದಲ್ಲಿ ಹೀಗಿದೆ: ಬಿರುಬಿಸಿಲು, ೧–೨ ಸೋಲು. ಮಳೆಯನ್ನು ನಾನು ಆಮೇಲೆ ಎಲ್ಲಿಂದಲೋ ತಂದುಕೊಂಡಿದ್ದೇನೆ. ಆ ಮನುಷ್ಯ ಹೋದದ್ದು ಮಳೆಗಲ್ಲ. ತಾವು ನೋಡಲು ಬಂದ ಆಟಗಾರ ಒಂದು ಗಂಟೆ ಕಳೆದರೂ ಇಳಿಯದ್ದನ್ನು ಕಂಡು ಎದ್ದುಹೋದರು.

ಸಂಜೆ ಗೆಸ್ಟ್ ಹೌಸಿಗೆ ಮುನಿರಾಜು ನೀಲಗಿರಿ ಎಣ್ಣೆ ತಂದ. ಅವನ ತಾಯಿ ಕಳಿಸಿದ್ದರು. ಊದಿದ ಮೊಣಕಾಲಿಗೆ ಮೆಲ್ಲಗೆ ಸವರುತ್ತ ನನ್ನ ಕಡೆ ತಿರುಗಿದ.

"ಸಾರ್, ಅವರಿಗೆ ಹೇಳಿ. ನಂಗೇನೂ ಬೇಜಾರಿಲ್ಲ. ವರ್ಲ್ಡ್ ಕಪ್ ಆಡಿದೋರಿಗೆ ಜಾಗ ಬಿಟ್ಟೆ, ಯಾರೋ ದಾರೀಲಿ ಹೋಗೋರಿಗಲ್ಲ. ಹೋಗಿದ್ದು ಒಂದು ಕೆಲಸ. ನನ್ನ ಬೂಟು ಅವರು ಹಾಕ್ಕೊಂಡಿದ್ರು ಅಂತ ಸಾಯೋ ತನಕ ಹೇಳ್ಕೋತೀನಿ."

ಏನಂತಾನೆ ಎಂದು ಬ್ರೂನೋ ಕೇಳಿದ.

ಬೇಗ ವಾಸಿಯಾಗಲಿ ಎನ್ನುತ್ತಿದ್ದಾನೆ ಎಂದೆ.

ಬ್ರೂನೋ ಅವನ ತಲೆಯ ಮೇಲೆ ಕೈಯಿಟ್ಟ. ಇವತ್ತು ಮೊದಲಿನಿಂದ ಇವನೇ ಆಡಬೇಕಿತ್ತು, ನಾನು ಚೆನ್ನಾಗಿದ್ದ ಕಾಲದಲ್ಲೂ ಇವನಷ್ಟು ಚೆನ್ನಾಗಿರಲಿಲ್ಲ, ಈ ಮಾತನ್ನು ಸರಿಯಾಗಿ ಹೇಳು ಎಂದ. ಇದನ್ನು ಮಾತ್ರ ನಾನು ಒಂದಕ್ಷರ ಬಿಡದೆ ದಾಟಿಸಿದೆ. ಮುನಿರಾಜು ಅಂಗೈಗೆ ಇನ್ನಷ್ಟು ಎಣ್ಣೆ ಸುರಿದುಕೊಂಡು ಮತ್ತೆ ಮೊದಲಿನಿಂದ ಸವರತೊಡಗಿದ. ಬ್ರೂನೋ ತನ್ನನ್ನು ತಾನೇ ತೂಗಿ ನೋಡಿ ಹೇಳಿದ ನಿಜವದು. ಆದರೆ ಅದು ಮುನಿರಾಜುವಿನ ಕಿವಿಗೆ ಬಿದ್ದದ್ದು ವಿಶ್ವಕಪ್ ಆಡಿದವನ ಬಾಯಿಂದ. ಬೇರೊಬ್ಬರು ಆಡಿದ ನಿಜವನ್ನೂ ನಾನು ಕೆಡಿಸಬಲ್ಲೆ ಎಂದು ಅವತ್ತು ಗೊತ್ತಾಯಿತು.

ಡಿಸೆಂಬರ್ ಮೊದಲ ವಾರ ಬ್ರೂನೋ ಊರುಗೋಲು ಹಿಡಿದು ಹೊರಟ. ಸಂಘದಿಂದ ಒಂದು ಗಂಧದ ಮರದ ಫಲಕ ಕೊಟ್ಟೆವು, ವಿಶ್ವಕಪ್ ಆಟಗಾರ ಎಂದು ಕನ್ನಡದಲ್ಲಿ ಕೆತ್ತಿಸಿದ್ದು. ವಿಮಾನ ನಿಲ್ದಾಣದ ದಾರಿಯಲ್ಲಿ ಅಕ್ಷರಗಳ ಮೇಲೆ ಬೆರಳಾಡಿಸುತ್ತ ಏನು ಬರೆದಿದೆ ಎಂದು ಕೇಳಿದ. ನಮ್ಮ ಗೆಳೆಯ ಬ್ರೂನೋಗೆ ಎಂದು ಬರೆದಿದೆ ಎಂದೆ. ಮನೆಯ ಮುಂದಿನ ಕೋಣೆಯಲ್ಲೇ ತೂಗುಹಾಕುತ್ತೇನೆ ಎಂದ.

ಆ ಅಧಿಕಾರಿಯನ್ನು ಹೋಗಿ ಕಂಡು ಬರೋಣ ಎಂದು ಕೆಂಪಣ್ಣ ಎರಡು ಸಲ ಹೇಳಿದರು. ಮುನಿರಾಜುವನ್ನು ಮೊದಲೇ ಯಾಕೆ ಇಳಿಸಲಿಲ್ಲ ಎಂದು ಅಧಿಕಾರಿ ಕೇಳಿದರೆ ಏನು ಹೇಳುವುದು ಎಂದುಕೊಂಡು ನಾನು ಮುಂದಕ್ಕೆ ಹಾಕುತ್ತ ಹೋದೆ. ಜನವರಿ ಬಂತು, ಮುನಿರಾಜುವಿಗೆ ಇಪ್ಪತ್ತೈದು ತುಂಬಿತು. ಹೊಸ ಮಗ್ಗಗಳು ಓಡತೊಡಗಿದ ಮೇಲೆ ಬದಲಿಗಳ ಸಾಲೂ ಕರಗಿತು. ಒಂದು ದಿನ ಹೆಸರು ಕೂಗುವಾಗ ಮುನಿರಾಜು ಅಲ್ಲಿರಲಿಲ್ಲ.

ಅವನನ್ನು ಮತ್ತೆ ಕಂಡದ್ದು ಎಂಬತ್ತೊಂಬತ್ತರಲ್ಲಿ, ಕಾಮಾಕ್ಷಿಪಾಳ್ಯದ ಒಂದು ಟೀ ಅಂಗಡಿಯ ಮುಂದೆ. ನಾನಾಗ ಮಿಲ್ಲು ಬಿಟ್ಟು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಅವನು ಪಕ್ಕದ ಲೇತ್ ವರ್ಕ್‌ಶಾಪಿನಲ್ಲಿದ್ದ, ಕೈಗೆ ಕರಿ ಎಣ್ಣೆ ಮೆತ್ತಿತ್ತು, ಸ್ವಲ್ಪ ಹೊಟ್ಟೆ ಬಂದಿತ್ತು. ನನ್ನನ್ನು ಕಂಡು ಮುಖವರಳಿಸಿ ಟೀ ಕೊಡಿಸಿದ. ಜೊತೆಗಿದ್ದ ಮೂರು ಜನರಿಗೆ, ಇವರೇ ನಮ್ಮ ಎಂ.ಎ. ಸಾರ್ ಎಂದ. ಅವರಲ್ಲಿ ವಯಸ್ಸಾದ ಶಿವಣ್ಣ ಎನ್ನುವವರು ಗ್ಲಾಸು ಕೆಳಗಿಟ್ಟು ನನ್ನ ಕಡೆ ವಾಲಿದರು.

"ಸಾರ್, ಓದಿದೋರು ನೀವು, ನಿಜ ಹೇಳ್ಬೇಕು. ಇವ್ನು ದಿನಾ ಬಿಡ್ತಾನೆ, ವರ್ಲ್ಡ್ ಕಪ್ ಪ್ಲೇಯರ್ ಇವನ ಬೂಟು ಹಾಕ್ಕೊಂಡು ಆಡ್ದ, ಇವನು ನನಗಿಂತ ಮೇಲು ಅಂದ ಅಂತ. ನಾವು ನಂಬಲ್ಲ. ನೀವು ಅಲ್ಲೇ ಇದ್ರಂತಲ್ಲ."

ಮೂರೂ ಜನ ನನ್ನ ಬಾಯಿ ನೋಡುತ್ತಿದ್ದರು. ಮುನಿರಾಜು ಮಾತ್ರ ನನ್ನ ಕಡೆ ನೋಡಲಿಲ್ಲ, ಬೆರಳಿನ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತಿದ್ದ. ಅವನಿಗೆ ನಿಜ ಎಂದೋ ಗೊತ್ತಾಗಿತ್ತು ಎಂದು ಒಮ್ಮೊಮ್ಮೆ ಅನಿಸುತ್ತದೆ. ಹಾಗೆ ಅನಿಸುವುದು ನನಗೆ ಅನುಕೂಲ ಎನ್ನುವುದೂ ಗೊತ್ತಿದೆ. ಅವನಿಗೆ ಒಂದು ಕೆಲಸ ತಪ್ಪಿಹೋಗಲು ನಾನು ಕಾರಣನಾಗಿದ್ದೆ. ಅದರ ಬದಲಿಗೆ ಅವನ ಹತ್ತಿರ ಉಳಿದಿದ್ದದ್ದು ನಾನು ಬರೆದ ಒಂದು ಸಾಲು. ನಿಜ ಹೇಳಿ ಹಗುರಾಗಬೇಕಾದರೆ ನಾಲ್ಕು ಜನರ ಮುಂದೆ ಅದನ್ನೂ ಅವನ ಕೈಯಿಂದ ಕಿತ್ತುಕೊಳ್ಳಬೇಕಿತ್ತು.

"ನಿಜ ಶಿವಣ್ಣನವರೇ," ಎಂದೆ. "ಅವರ ಪರಿಚಯ ಬರೆದವನೇ ನಾನು."